ಖಾಲಿ ಬಿಟ್ಟ ಚೌಕಗಳು

ಮಾರ್ಚ್ 4, ಸಂಜೆ
ಬೆಳಿಗ್ಗೆಯಿಂದ ಬಾವಿಗಳ ಹಾಳೆ. ಸಾವಿರದ ಇನ್ನೂರು ಬಾವಿ, ಬಾವಿಗೊಂದು ಚೌಕ, ಚೌಕದಲ್ಲಿ ನೀರು ಎಷ್ಟು ಆಳದಲ್ಲಿದೆ ಎಂಬ ಅಂಕಿ. ಕಾಡು, ಗಾಳಿ, ಮಣ್ಣು, ಮೀನು — ಉಳಿದವರೆಲ್ಲ ಅಂಕಿ ಕೊಟ್ಟಾಗಿದೆ. ಎಲ್ಲ ಸೇರಿಸಿ ಅರೆದು ಒಂದೇ ಅಂಕಿ ಮಾಡುವುದು ನನ್ನ ಕೆಲಸ. ದೇಶ ನಿಜಕ್ಕೂ ಬೆಳೆಯುತ್ತಿದೆಯೋ, ತನ್ನ ನೆಲ-ನೀರನ್ನೇ ತಿಂದು ಊದಿಕೊಳ್ಳುತ್ತಿದೆಯೋ — ಆ ಒಂದು ಅಂಕಿ ಹೇಳಬೇಕು. ಸೊನ್ನೆಗಿಂತ ಮೇಲಿದ್ದರೆ ಈ ಬೆಳವಣಿಗೆ ಬಾಳುವಂಥದ್ದು. ಎಂಟು ವರ್ಷದಿಂದ ಕೆಳಗೇ ಇತ್ತು.
ಈ ಸಲ ಮೇಲೆ ಬಂತು. ಎರಡು ಸಲ ಕೂಡಿಸಿದೆ.
ಡೈರೆಕ್ಟರಿಗೆ ತೋರಿಸಿದೆ. ನಾವು ಇಟ್ಟಿರುವ ಹೆಸರು ದಶಾಂಶ. ಕಾಫಿಗೆ ಎಷ್ಟು ಸಕ್ಕರೆ ಎಂದರೂ ಪಾಯಿಂಟ್ ಹಾಕಿ ಹೇಳುವ ಮನುಷ್ಯ. ಕನ್ನಡಕ ಒರೆಸಿಕೊಂಡು ನೋಡಿದರು.
"ಕೂದಲೆಳೆಯಷ್ಟು ಮೇಲಿದ್ರೂ ಮೇಲೇ ಕಣ್ರೀ. ನಿಮ್ಮ ಬಾವಿಗಳೇ ಎತ್ತಿಬಿಟ್ವು."
ಹಿಗ್ಗಿದೆ. ಮುಚ್ಚಿಡುವುದೇಕೆ.

ಮಾರ್ಚ್ 5
ಅಕ್ಕನಿಗೆ ಫೋನ್. ದೂರದ ಊರಲ್ಲಿ ಸಣ್ಣ ಆಸ್ಪತ್ರೆಯ ನರ್ಸ್ ಅವಳು. ಬಾವಿ ನೀರು ಏರಿದೆಯಂತೆ ಅಂದೆ.
"ಎಲ್ಲೋ ಏರಿರೋದು? ಇಲ್ಲಿ ಟ್ಯಾಂಕರ್ ಬಂದ್ರೇನೇ ಹೆರಿಗೆ. ಲೇಟಾದ್ರೆ, ಸ್ವಲ್ಪ ತಡ್ಕೊಳಪ್ಪ ಅಂತ ಹೊಟ್ಟೆಯೊಳಗಿನ ಮಗೂಗೇ ಹೇಳ್ತೀನಿ."
ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳ ಊರಿನ ಹಾಳೆ ಹುಡುಕಿದೆ. ಒಂಬತ್ತು ಬಾವಿ. ಒಂಬತ್ತು ಚೌಕವೂ ಖಾಲಿ.

ಮಾರ್ಚ್ 6
ಆ ಭಾಗದ ಬಾವಿ ಅಳೆಯುವವರನ್ನು ಕರೆಸಿದೆ. ಇಪ್ಪತ್ತು ವರ್ಷದ ಸರ್ವೀಸು. ಆಫೀಸಿಗೂ ಟೇಪು ಹೆಗಲಿಗೆ ಹಾಕಿಕೊಂಡೇ ಬಂದರು.
"ಖಾಲಿ ಬಿಟ್ಟಿದೀರಲ್ಲ, ಹೋಗ್ಲಿಲ್ವಾ?"
"ಹೋಗ್ದೇ ಏನು ಸಾರ್. ಟೇಪಿಗೆ ಸೀಮೆಸುಣ್ಣ ಬಳಿದು ಇಳಿಸ್ತೀವಿ. ಎಲ್ಲೀವರೆಗೆ ಒದ್ದೆಯಾಯ್ತೋ ಅದನ್ನ ಓದಿ ಬರೀತೀವಿ. ಇಲ್ಲಿ ತಳ ಮುಟ್ಟಿದ್ರೂ ಸುಣ್ಣ ಒಣಕಲು. ಏನಂತ ಓದ್ಲಿ?"
"ಬತ್ತಿದೆ ಅಂತ ಬರೀಬೇಕಿತ್ತು."
"ಚೌಕದಲ್ಲಿ ಅಂಕಿ ಬಿಟ್ಟು ಬೇರೇನೂ ಬರೀಬಾರ್ದು ಅಂತ ಆರ್ಡರ್ ಇದೆಯಲ್ಲ ಸಾರ್. ಯಾವನೋ ಜಾಣ ಬರೆದದ್ದು."
ಆ ಜಾಣ ನಾನೇ. ಎಂಟು ವರ್ಷದ ಹಿಂದೆ ಚೌಕಗಳಲ್ಲಿ 'ಜ್ವರ ಬಂದಿತ್ತು', 'ನಾಯಿ ಬಿಡಲಿಲ್ಲ' ಎಂದೆಲ್ಲ ಕಥೆ ಬರೆದು ಕಳಿಸುತ್ತಿದ್ದರು. ಕಂಪ್ಯೂಟರು ತಲೆ ಕೆಟ್ಟು ಕೂರುತ್ತಿತ್ತು. ಅದಕ್ಕೇ ಹದಿನಾಲ್ಕನೇ ನಿಯಮ: ಚೌಕದಲ್ಲಿ ಅಂಕಿ ಮಾತ್ರ, ಖಾಲಿ ಚೌಕವನ್ನು ಸರಾಸರಿಗೆ ಹಿಡಿಯಬಾರದು. ಹೋಗದವರೇ ಖಾಲಿ ಬಿಡುತ್ತಾರೆ ಎಂದುಕೊಂಡಿದ್ದೆ. ಹೋಗಿ, ನೋಡಿ, ಬರೆಯಲು ಏನೂ ಸಿಗದೆ ಬಂದವರು ನೆನಪಿಗೇ ಬರಲಿಲ್ಲ.
ಬಾವಿ ಪೂರ್ತಿ ಬತ್ತಿದ ದಿನ ಲೆಕ್ಕದಿಂದಲೇ ಹೊರಗೆ. ಉಳಿಯುವುದು ನೀರಿರುವ ಬಾವಿಗಳು. ಹೆಚ್ಚು ಬತ್ತಿದಷ್ಟೂ ದೇಶ ಲಕ್ಷಣವಾಗಿ ಕಾಣುತ್ತದೆ.
ಈ ವರ್ಷದ ಖಾಲಿ ಚೌಕ... ಮುನ್ನೂರ ಹನ್ನೊಂದು.

ಮಾರ್ಚ್ 9, ಬೆಳಿಗ್ಗೆ 7
ಬೀಗ ಹಾಕಿದ ಕೋಣೆ. ಪ್ರಕಟಣೆಯ ದಿನ ಅಂಕಿ ಗೊತ್ತಿರುವವರನ್ನು ಅದು ಮುಗಿಯುವ ತನಕ ಕೂಡಿಹಾಕುವುದು ಪ್ರತಿ ವರ್ಷದ ಪದ್ಧತಿ. ಫೋನ್ ಹೊರಗೆ. ಕಿಟಕಿ ಗಾಜಿಗೆ ಕಾಗದ. ಬಾತ್‌ರೂಮಿಗೂ ಕಾವಲುಗಾರ ಜೊತೆಗೆ ಬರುತ್ತಾನೆ. ಒಳಗೆ ನಾನು ಮತ್ತು ದಶಾಂಶ. ಹನ್ನೆರಡಕ್ಕೆ ಮಂತ್ರಿಗಳು ಓದುತ್ತಾರೆ.

8.30
ಹೇಳಿಬಿಟ್ಟೆ. ಬತ್ತಿದ್ದನ್ನೂ ಹಿಡಿದರೆ ಅಂಕಿ ಸೊನ್ನೆಯ ಕೆಳಗೆ. ಎಂದೂ ಇಲ್ಲದಷ್ಟು ಕೆಳಗೆ.
"ತಿದ್ದಿದ್ರೆ ಎಂಟೂ ವರ್ಷ ತಪ್ಪು ಅಂತಾಗುತ್ತೆ. ಎಂಟಕ್ಕೂ ಸಹಿ ಯಾರದು?"
"ನಂದು ಸಾರ್."
"ಕೆಳಗೆ ನಂದು. ನನ್ನ ರಿಟೈರ್‌ಮೆಂಟಿಗೆ ಎರಡು ಪಾಯಿಂಟ್ ಐದು ತಿಂಗಳು."
"ಏಪ್ರಿಲ್ ಒಂದರಿಂದ ಬರೋ ಹೊಸ ಟ್ಯಾಂಕರ್ ಪಟ್ಟಿನೂ ಇದೇ ಹಾಳೆ ಮೇಲೆ ಸಾರ್. ನೀರು ಇಳೀತು ಅಂತ ಅಂಕಿ ಇದ್ರೆ ಟ್ಯಾಂಕರ್. ಅಂಕಿನೇ ಇಲ್ದಿರೋ ಊರು ಪಟ್ಟಿಯಿಂದ ಬಿದ್ದುಹೋಗುತ್ತೆ."
ಅಲ್ಲಿ ನಮ್ಮಕ್ಕ ಇದ್ದಾಳೆ ಎಂಬುದು ನಾಲಿಗೆಯವರೆಗೆ ಬಂತು. ನುಂಗಿದೆ.
"ಖಾಲಿ ಚೌಕ ಹಿಡಿದಿಲ್ಲ ಅಂತ ಅಡಿಟಿಪ್ಪಣಿ ಹಾಕೋಣ," ಅಂದರು. "ಸಣ್ಣ ಅಕ್ಷರದಲ್ಲಿ. ಹೇಳಿದ ಹಾಗೂ ಆಯ್ತು, ಹೇಳದ ಹಾಗೂ ಆಯ್ತು."

11.40
ಹಾಕಿದೆ. ಪುಟ 212. ಸಹಿ ಮಾಡಿದೆ. ಎಂದಿನಷ್ಟೇ ಅಂದವಾಗಿ ಬಂತು. ಅದೇ ಆಶ್ಚರ್ಯ.

12.15
ಬಾಗಿಲು ತೆಗೆದರು. ಕಾರಿಡಾರಿನ ತುಂಬ ಚಪ್ಪಾಳೆ. ಯಾರೋ ಬೆನ್ನು ತಟ್ಟಿದರು. ಹೊರಗೆ ಬಂದೆ ಅನ್ನಿಸಲೇ ಇಲ್ಲ.

ಏಪ್ರಿಲ್ 2
ಇಷ್ಟು ದಿನ ಪೆನ್ನು ಹಿಡಿಯಲಿಲ್ಲ.
ಅಕ್ಕನ ಫೋನ್. ನಿನ್ನೆಯಿಂದ ಟ್ಯಾಂಕರ್ ನಿಂತಿದೆ.
"ಕೇಳಿದ್ರೆ, ನಿಮ್ಮೂರಲ್ಲಿ ನೀರು ಕಮ್ಮಿಯಾಗಿದ್ದಕ್ಕೆ ದಾಖಲೆನೇ ಇಲ್ಲ ಅಂತಾರೆ ಕಣೋ. ಬಾವಿ ಎಲ್ಲ ಸತ್ತಿವೆ. ಸತ್ತೋರು ಬಂದು ಸಾಕ್ಷಿ ಹೇಳ್ತಾರಾ? ಇವತ್ತು ಬಾಣಂತಿ ಮನೆಯವರೇ ಬಿಂದಿಗೇಲಿ ನೀರು ತಂದ್ರು. ನಿಮ್ಮ ಆಫೀಸಲ್ಲಿ ಯಾವನೋ ಎಡವಟ್ಟು ಮಾಡಿದಾನೆ. ಅರ್ಜಿ ಯಾರ ಹೆಸರಿಗೆ ಬರೀಲಿ?"
"ವಿಭಾಗಕ್ಕೆ ಬರಿ" ಅಂದೆ.
"ನೀನಿದೀಯಲ್ಲ ಒಳಗೆ, ಅದೇ ಧೈರ್ಯ," ಅಂದಳು.

ಏಪ್ರಿಲ್ 11, ಮಧ್ಯಾಹ್ನ 3
ಅರ್ಜಿ ಬಂತು. ಅಕ್ಕನ ದುಂಡು ಅಕ್ಷರ. ಕೆಳಗೆ ಡಾಕ್ಟರ ಸಹಿ, ಆಯಾ ಸಹಿ, ಟ್ಯಾಂಕರ್ ಡ್ರೈವರಿನದೂ. ಅಂಚಿನಲ್ಲಿ ದಶಾಂಶ ಬರೆದಿದ್ದಾರೆ: ಎಂದಿನಂತೆ ಉತ್ತರಿಸಿ.
ಎಂದಿನ ಉತ್ತರ ಅಚ್ಚಾಗಿಯೇ ಇದೆ. ಊರಿನ ಹೆಸರು ತುಂಬಿದರೆ ಸಾಕು. 'ತಮ್ಮ ಊರಿನಲ್ಲಿ ನೀರಿನ ಮಟ್ಟ ಇಳಿದ ಬಗ್ಗೆ ಯಾವುದೇ ಅಳತೆ ದಾಖಲಾಗಿಲ್ಲ.' ಒಂದಕ್ಷರವೂ ಸುಳ್ಳಲ್ಲ. ಹೆಸರು ತುಂಬಲು ಎರಡು ಸಲ ಪೆನ್ನು ಎತ್ತಿದೆ. ಆಗಲಿಲ್ಲ.
ಅಚ್ಚಿನ ಹಾಳೆ ಹರಿದೆ. ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ಲೆಟರ್‌ಹೆಡ್ಡಿಗೆ ಇಳಿಸಿದರಾಯಿತು —
ಅಕ್ಕಾ, ನಿಮ್ಮ ಒಂಬತ್ತು ಬಾವಿಗಳನ್ನು ಲೆಕ್ಕದಿಂದ ತೆಗೆದ ನಿಯಮ ಬರೆದವನು