ಬೀದಿಯೆಲ್ಲ ಬೋಳು ತಲೆ

ಕ್ಷೌರದಂಗಡಿಯಿಂದ,
ಭಾನುವಾರ, ಮಾರ್ಚ್ ೧೬

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಜೈಲಿನವರು ಹೊದಿಕೆ ಕೊಟ್ಟರೋ ಇಲ್ಲವೋ ವಕೀಲಮ್ಮನ ಬಳಿ ಹೇಳಿ ಕಳಿಸು. ಈ ಕಾಗದವನ್ನು ಅವರೇ ಕೈಯಾರೆ ತಂದುಕೊಡುತ್ತಾರೆ, ಹಾಗಾಗಿ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮ ದಿನಾ ನನ್ನನ್ನು ಬೈಯುತ್ತಾಳೆ, ಅಂದರೆ ಅವಳ ಆರೋಗ್ಯವೂ ಸರಿಯಾಗಿದೆ.

ನೀವು ನರ್ಸ್ ಹುಡುಗಿಯರು ಆಸ್ಪತ್ರೆಯ ಬಾಗಿಲಲ್ಲಿ ಕೈಕೈ ಹಿಡಿದು ನಿಂತು, ಗುಂಡೇಟು ತಿಂದವರನ್ನು ಎಳೆದೊಯ್ಯಲು ಬಂದ ಸೈನಿಕರನ್ನು ತಡೆದಿರಲ್ಲ, ಊರಲ್ಲಿ ಇನ್ನೂ ಅದೇ ಮಾತು. ನಿಮ್ಮ ತಲೆ ಬೋಳಿಸಿ ಲಾರಿಯಲ್ಲಿ ಪೇಟೆ ಸುತ್ತಿಸಿದ ದಿನ ನಾನು ಅಂಗಡಿಯ ಬಾಗಿಲೆಳೆದುಕೊಂಡು ಒಳಗೆ ಕೂತಿದ್ದೆ. ನನ್ನ ಕಸುಬನ್ನೇ ನನ್ನ ಮಗಳ ಅವಮಾನಕ್ಕೆ ಬಳಸಿದರಲ್ಲ! ಮುಂದಾಳುಗಳೆಂದು ನಿಮ್ಮಲ್ಲಿ ಕೆಲವರನ್ನು ಒಳಗಿಟ್ಟು ಉಳಿದವರನ್ನು ಬಿಟ್ಟರೂ, ಆ ಹುಡುಗಿಯರಿಗೆ ನೆಮ್ಮದಿ ಇರಲಿಲ್ಲ. ಬೋಳು ತಲೆ ಕಂಡರೆ ಸಾಕು, ಸೇನೆಯ ಪ್ರತಿ ಚೌಕಿಯಲ್ಲೂ ತಡೆಯುತ್ತಿದ್ದರು, ಬಸ್ಸಿನಿಂದ ಇಳಿಸುತ್ತಿದ್ದರು.

ಹೋದ ಸೋಮವಾರ ಬೆಳಿಗ್ಗೆ ಅಂಗಡಿಗೆ ಯಾರು ಬಂದರು ಗೊತ್ತೇ? ನಿಮ್ಮ ಹೆಡ್ ನರ್ಸ್. ಟೋಪಿ ಕೊಂಚ ಓರೆಯಾದರೂ ನಿನ್ನನ್ನು ಗದರುತ್ತಿದ್ದರಲ್ಲ, ಅವರೇ. ಗಂಡಸರ ಅಂಗಡಿ ಎಂಬ ಸಂಕೋಚವೂ ಇಲ್ಲದೆ ಕುರ್ಚಿಯಲ್ಲಿ ಕೂತು, "ಪೂರ್ತಿ ತೆಗೀರಿ. ನನ್ನ ಹುಡುಗೀರು ಹೀಗೆ ಓಡಾಡ್ಬೇಕು ಅಂದ್ರೆ ನಾನೂ ಹೀಗೇ ಓಡಾಡ್ತೀನಿ" ಅಂದರು. ನಾನು ಕತ್ತಿ ಎತ್ತಿಕೊಂಡೆ. "ಕಿವಿ ಹುಷಾರು" ಅಂತ ನನ್ನನ್ನೂ ಗದರಿದರು. ಅವರು ಏಳುವಷ್ಟರಲ್ಲಿ ಬೇಕರಿಯವನು ಬಂದು ನಿಂತಿದ್ದ. ಅವನ ಹಿಂದೆ ಇಸ್ತ್ರಿ ಅಂಗಡಿಯ ಅಜ್ಜ; ಆತನ ತಲೆಯಲ್ಲಿ ಇದ್ದದ್ದೇ ನಾಲ್ಕೆಳೆ, ಅದನ್ನೂ ಬಿಡಬೇಡ ಎಂದು ಹಟ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಸಾಲು ಮೂಲೆಯ ಔಷಧಿ ಅಂಗಡಿ ದಾಟಿತ್ತು. ನಿನ್ನ ಅಮ್ಮನೂ ಸಾಲಿನಲ್ಲಿದ್ದಳು. ಮನೆಯವಳಲ್ಲವೇ ಎಂದು ಮುಂದೆ ಕರೆದರೆ, ಎಲ್ಲರೆದುರು ನನಗೆ ಮಂಗಳಾರತಿ ಮಾಡಿದಳು.

ಮರುದಿನ ಚೌಕಿಯವರಿಗೆ ತಲೆ ಕೆಟ್ಟುಹೋಯಿತು. ಯಾರನ್ನು ತಡೆಯುವುದು, ಯಾರನ್ನು ಬಿಡುವುದು? ಅವರ ಕ್ಯಾಪ್ಟನ್ ಅಂಗಡಿಗೇ ಬಂದು, "ಇದನ್ನೆಲ್ಲ ಯಾರು ಹೇಳಿ ಮಾಡಿಸ್ತಿರೋದು?" ಎಂದು ಕೇಳಿದ. "ಸೆಕೆ ಸಾರ್" ಅಂದೆ. ಅವನು ನನ್ನ ಕತ್ತಿಗಳನ್ನೆಲ್ಲ ಬಾಚಿಕೊಂಡು ಅಂಗಡಿಗೆ ಬೀಗ ಜಡಿದ. ಸಂಜೆಯೊಳಗೆ ಅಕ್ಕಪಕ್ಕದವರು ತಮ್ಮ ತಮ್ಮ ಮನೆಯ ರೇಜರು ತಂದುಕೊಟ್ಟರು, ಬೇಕರಿಯವನು ಸ್ಟೂಲು ಹಾಕಿದ, ಬೀದಿಯಲ್ಲೇ ಕೆಲಸ ಸಾಗಿತು.

ಅಸಲು ತಮಾಷೆ ನಡೆದದ್ದು ಶುಕ್ರವಾರ. ರಜೆಯ ಮೇಲೆ ಮಾಮೂಲಿ ಅಂಗಿ ತೊಟ್ಟು ಮನೆಗೆ ಹೊರಟಿದ್ದ ಸೈನಿಕನೊಬ್ಬನ, ಸೇನೆಯಲ್ಲೇ ಬೋಳಿಸಿದ ನುಣ್ಣನೆಯ ತಲೆ ಕಂಡು, ಅವರದೇ ಚೌಕಿಯವರು ಹಿಡಿದು ಲಾರಿ ಹತ್ತಿಸಿದರು. ನಾನು ನಿಮ್ಮವನೇ ಎಂದು ಅವನು ಕೂಗಿದಷ್ಟೂ, "ಎಲ್ಲರೂ ಹೇಳೋದೇ ಹಾಗೆ" ಎಂದು ಒಳಗೆ ತಳ್ಳಿದರು. ಪೇಟೆಗೆ ಪೇಟೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೇನೆ ಅಧಿಕಾರ ಹಿಡಿದ ಮೇಲೆ ಬಂದೂಕಿನ ಎದುರು ಜನ ನಕ್ಕಿದ್ದನ್ನು ನಾನು ಕಂಡದ್ದು ಅಂದೇ ಮೊದಲು. ನಿನ್ನೆಯಿಂದ ತಲೆ ನೋಡಿ ತಡೆಯುವುದು ನಿಂತಿದೆ. ನಿನ್ನ ಗೆಳತಿಯರು ಬಸ್ಸಿನಲ್ಲಿ ಕೂತು ಆಸ್ಪತ್ರೆಗೆ ಹೋಗುತ್ತಿದ್ದಾರೆ.

ಊಟ ಬಿಡಬೇಡ. ಜೊತೆಯಲ್ಲಿರುವ ಹುಡುಗಿಯರಿಗೆಲ್ಲ ನಮ್ಮ ಆಶೀರ್ವಾದ ಹಂಚು; ದೊಡ್ಡ ಪಾಲು ನೀನಿಟ್ಟುಕೋ.

ನಿನ್ನ,
ಅಪ್ಪ

ಮರೆತಿದ್ದು: ವಕೀಲಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ಕ್ಯಾಪ್ಟನ್ ಬಂದು ಬೀಗದ ಕೈ ವಾಪಸು ಕೊಟ್ಟ. ತಪ್ಪಾಯಿತೆಂದು ಬರೆದ ಕಾಗದಕ್ಕೆ ನೀನು ಸಹಿ ಹಾಕಿದರೆ ಬುಧವಾರವೇ ಮನೆಗೆ ಕಳಿಸುತ್ತಾರಂತೆ, ಇಲ್ಲದಿದ್ದರೆ ಮುಚ್ಚಿಸಿರುವ ಕೋರ್ಟು ಮತ್ತೆ ತೆರೆಯುವವರೆಗೆ ಅಲ್ಲೇ ಅಂತೆ. ಮಗಳಿಗೆ ಬುದ್ಧಿ ಹೇಳಿ ಬರಿ ಅಂದ. ಹಾಕಿದರೂ ನೀನು ನಮ್ಮ ಮಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮಗೋಸ್ಕರ ಹಾಕಬೇಡ. ಇದನ್ನು ಕೇಳಿ ನಿನ್ನ ಅಮ್ಮ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು, "ಹಾಕಬೇಡ ಅನ್ನೋದನ್ನ ಸ್ವಲ್ಪ ದಪ್ಪಕ್ಷರದಲ್ಲಿ ಬರೀರಿ" ಅಂದಳು.