ಇಳಕಲ್ ಸೀರೆ ಕಳಿಸಬೇಡ

ನಾಗಪುರ, ಜನವರಿ 1984

ಪ್ರೀತಿಯ ಅಕ್ಕನಿಗೆ,

ಕಸ್ತೂರಿಯ ಮದುವೆಗೆಂದು ಹೇಳಿದ್ದ ಇಳಕಲ್ ಸೀರೆಯನ್ನು ಕಳಿಸಬೇಡ. ನಮ್ಮ ಮಹಿಳಾ ಮಂಡಳದ ವಸತಿನಿಲಯದಿಂದ ಏಳನೆಯ ತರಗತಿಯ ಆ ಹುಡುಗಿಯನ್ನು ಬಿಡಿಸಿಕೊಂಡು ಹೋಗಿದ್ದ ತಂದೆ ಯಲ್ಲಪ್ಪನೇ ಇಂದು ತಮ್ಮೂರು ಕೋರಾಡಿಯ ಬಸ್ಸಿನಲ್ಲಿ ಮರಳಿ ಕರೆತಂದ.

"ಗಂಡಿನವ್ರು ಹಾಡು ಹೇಳಂದ್ರ ಇಕಿ ಹತ್ತೊಂಬತ್ತರ ಮಗ್ಗಿ ಹೇಳಿದ್ಲರೀ ಬಾಯಾರ! ಇಷ್ಟು ಶಾಣ್ಯಾ ಸೊಸಿ ಬ್ಯಾಡಂತ ಎದ್ದು ಹೋದ್ರು," ಎಂದ.

ಸಿಟ್ಟಾಗಿದ್ದಾನೆಂದುಕೊಂಡೆ. ಆದರೆ ಬಾಗಿಲಲ್ಲೇ ಮಗಳಿಂದ ಮಗ್ಗಿಯನ್ನು ಮತ್ತೆ ಹೇಳಿಸಿ, "ಬರೋಬರ್ ಐತೇನ್ರೀ?" ಎಂದು ಮೆಲ್ಲಗೆ ಕೇಳಿದ. ಬರೋಬರ್ ಇದೆ ಎಂದೆ.

"ಹಂಗಾರ ಕಲೀಲಿ ಬಿಡ್ರಿ."

ನಾನು ಕಲಿಸಿದ ಪದ್ಯ ಒಂದೂ ಅವಳಿಗೆ ಆಗ ನೆನಪಾಗಲಿಲ್ಲವಂತೆ. ಬೇಸರವಿಲ್ಲ.

ಸೀರೆ ನೀನೇ ಉಡು. ಅವಳಿಗೊಂದು ಸ್ವೆಟರ್ ಹೆಣೆದು ಕಳಿಸು. ತೋಳು ತುಸು ಉದ್ದವಿರಲಿ. ಇನ್ನೂ ಬೆಳೆಯುವ ಹುಡುಗಿ.

ನಿನ್ನ ತಂಗಿ,
ನೀಲಾಂಬಿಕಾ