ಹಗ್ಗ ಮುಟ್ಟದವನ ಬೆನ್ನು

ಕೇಣಿ, ಅಂಕೋಲಾ
ಶ್ರಾವಣದ ಮೂರನೆಯ ಸೋಮವಾರ, 11-8-2025

ಪ್ರೀತಿಯ ದುರ್ಗಣ್ಣನಿಗೆ ತಂಗಿ ಹೀರಾ ಮಾಡುವ ನಮಸ್ಕಾರ.

ಇವತ್ತು ನನ್ನ ಉಪವಾಸ. ಅಂಗಳ ಸಾರಿಸಿ, ತುಳಸಿಗೆ ನೀರು ಹಾಕಿ, ಸುಮಿತನಿಗೂ ಅವನ ಅಪ್ಪನಿಗೂ ಗಂಜಿ ಬಡಿಸಿ ಕಳಿಸಿ, ಒಂದು ಲೋಟ ಚಹಾ ಕುಡಿದು ಬರೆಯಲು ಕೂತಿದ್ದೇನೆ. ಸೋಮವಾರ ಮೀನಿನ ಬುಟ್ಟಿ ಮುಟ್ಟುವುದಿಲ್ಲ, ಅದರಿಂದ ಬಿಡುವು. ಆರು ದಿನ ಮೀನು ತಿಂದು ಒಂದು ದಿನ ದೇವರಿಗೆ ಲಂಚ ಕೊಡುತ್ತೀ ಎಂದು ನೀನು ಚೇಷ್ಟೆ ಮಾಡುತ್ತಿದ್ದೆ. ಈಗಲೂ ಕೊಡುತ್ತಿದ್ದೇನೆ. ನಿನ್ನ ಆರೋಗ್ಯ ಹೇಗಿದೆ? ಮಳೆಗಾಲದಲ್ಲಿ ಬೆನ್ನು ಹಿಡಿಯುತ್ತದೆಯೋ? ಅತ್ತಿಗೆಯ ಮೊಣಕಾಲು ಹೇಗಿದೆ? ನಾನು ಇನ್ನೂ ಕಣ್ಣಾರೆ ನೋಡದ ನಿನ್ನ ಮಗ ರೂಪೇಶ ಹೇಗಿದ್ದಾನೆ? ಈ ಕಾಗದ ಅವನ ಸಲುವಾಗಿ ಬರೆಯುತ್ತಿದ್ದೇನೆ, ಅದಕ್ಕೆ ನನ್ನ ಮೇಲಿನ ಸಿಟ್ಟಿನಲ್ಲಿ ಅರ್ಧಕ್ಕೆ ಮಡಚಿ ಇಡಬೇಡ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಡುತ್ತೀ. ಹಾಗಾಗಿ ನಾಳೆ ಮೀನಿನ ಗಾಡಿ ತೆಗೆದುಕೊಂಡು ಮಲ್ಪೆಗೆ ಬರುವ ಶಿವಾನಂದನ ಕೈಯಲ್ಲಿ ಕೊಡುತ್ತಿದ್ದೇನೆ.

ನನ್ನ ಮಗ ಸುಮಿತನಿಗೆ ಇಪ್ಪತ್ತನಾಲ್ಕು ತುಂಬಿತು. ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಾನೆ. ಒಳ್ಳೆಯ ಹುಡುಗ, ಊಟಕ್ಕೆ ಕೂತರೆ ಮಾತ್ರ ಎದ್ದು ಹೋಗುವುದಿಲ್ಲ. ಎರಡು ವರ್ಷದಿಂದ ಬೆಳಿಗ್ಗೆ ಏಳುವುದೇ ಅವನಿಗೆ ಕಷ್ಟವಾಯಿತು. "ಆಯಿ, ಬೆನ್ನಿಗೆ ಹಲಗೆ ಕಟ್ಟಿದಂಗೆ ಆಗ್ತದೆ, ಏಳೂಕೇ ಆಗೂದಿಲ್ಲ" ಎನ್ನುತ್ತಿದ್ದ. ಒಂದು ತಾಸು ಕಳೆದರೆ ಅವನೇ ಎದ್ದು ಓಡಾಡುತ್ತಿದ್ದ, ಸಂಜೆ ಗೆಳೆಯರ ಜೊತೆ ವಾಲಿಬಾಲ್ ಆಡುತ್ತಿದ್ದ. ನೋವಿದ್ದವನು ಹೀಗೆ ಹಾರುತ್ತಾನೆಯೇ? ಇದು ಸೋಮಾರಿತನವೇ ಎಂದು ನನಗೆ ಖಾತ್ರಿಯಾಯಿತು. ಒಂದು ದಿನ ಕೊಡದಲ್ಲಿದ್ದ ನೀರು ತಂದು ಅವನ ಮುಖಕ್ಕೆ ಹೊಯ್ದೆ. ಅವನು ಬೈಯಲಿಲ್ಲ. ಒದ್ದೆ ಹಾಸಿಗೆಯಲ್ಲಿ ಮಗ್ಗುಲಾಗಿ, ಎರಡೂ ಕೈ ಊರಿ, ಮುದುಕನ ಹಾಗೆ ಎದ್ದ. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಕಳೆದ ವೈಶಾಖದಲ್ಲಿ ಅವನ ಬಲಗಣ್ಣು ಕೆಂಡದ ಹಾಗೆ ಕೆಂಪಾಯಿತು, ಬೆಳಕು ನೋಡಲು ಆಗುತ್ತಿರಲಿಲ್ಲ. ಕಾರವಾರದ ಕಣ್ಣಿನ ಡಾಕ್ಟರು ಕಣ್ಣು ನೋಡಿ ಮುಗಿಸಿ, ಬೆಳಿಗ್ಗೆ ಬೆನ್ನು ಬಿಗಿಯುತ್ತದೆಯೇ ಎಂದು ಕೇಳಿದರು. ಕಣ್ಣಿಗೂ ಬೆನ್ನಿಗೂ ಎಂಥ ನಂಟು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಅವರು ಚೀಟಿ ಬರೆದು ಮಣಿಪಾಲಕ್ಕೆ ಕಳಿಸಿದರು. ಅಲ್ಲಿ ಫೋಟೋ ತೆಗೆದರು, ರಕ್ತ ತೆಗೆದರು. ಡಾಕ್ಟರಮ್ಮ ಸಣ್ಣ ಪ್ರಾಯದವಳು, ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು, ಮನೆಯಲ್ಲಿ ಬೇರೆ ಯಾರಿಗಾದರೂ ಬೆನ್ನು ಬಾಗಿತ್ತೇ ಎಂದು. ನಾನು ಜಂಬದಿಂದ ಹೇಳಿದೆ, ನನ್ನ ಅಪ್ಪನದು ದಂಡೆಯಲ್ಲಿ ನಿಂತು ಎಂಡಿ ಬಲೆ ಎಳೆದು ಬಾಗಿದ ಬೆನ್ನು, ಅಜ್ಜನದೂ ಹಾಗೆಯೇ, ನಮ್ಮದು ದುಡಿದ ಮನೆತನ ಎಂದು. ಅವಳು, "ನಿಮ್ಮ ಮಗ ಬಲೆ ಎಳೆದಿದ್ದಾನಾ?" ಎಂದಳು. ಇಲ್ಲ ಅಣ್ಣಾ. ಅವನು ಹುಟ್ಟಿದ ಮೇಲೆ ಬಲೆಯ ಹಗ್ಗ ಮುಟ್ಟಿದವನೇ ಅಲ್ಲ.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಮೈಯೊಳಗೆ ರೋಗ ಬಾರದಂತೆ ಕಾಯುವ ಒಂದು ಕಾವಲು ಇರುತ್ತದಂತೆ. ಕೆಲವರಲ್ಲಿ ಆ ಕಾವಲು ತಲೆ ಕೆಟ್ಟು, ದೋಣಿ ಕಾಯಲು ಇಟ್ಟವನು ನಮ್ಮದೇ ದೋಣಿಗೆ ಕೊಡಲಿ ಹಾಕಿದ ಹಾಗೆ, ಬೆನ್ನಿನ ಗಂಟುಗಳನ್ನು ಸುಡುತ್ತದೆ, ಕಣ್ಣನ್ನೂ ಬಿಡುವುದಿಲ್ಲ. ಅದಕ್ಕೆ ಎಡೆ ಮಾಡಿಕೊಡುವ ಒಂದು ಗುರುತು ರಕ್ತದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು. ಬಂದವರಿಗೆಲ್ಲ ರೋಗ ಏಳುವುದೂ ಇಲ್ಲ. ನನ್ನ ಬೆನ್ನು ನೆಟ್ಟಗಿದೆ, ಆದರೂ ಅಪ್ಪನಿಂದ ನನ್ನ ಮೂಲಕವೇ ಸುಮಿತನಿಗೆ ಹೋಗಿರಬೇಕು ಎಂದಳು. ನಾನು ಅಳುವುದು ನೋಡಿ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ನನ್ನ ಕೈ ಹಿಡಿದಳು. ನಾನು ಆ ತಪ್ಪಿಗೆ ಅಳುತ್ತಿರಲಿಲ್ಲ.

ಅದಕ್ಕೂ ಮೊದಲು ಅವಳು ಹೇಳಿದ್ದು, ನೀನು ಆಗ ಹೇಳಿದರೂ ನಾವು ಕೇಳದ ಮಾತು. ಈ ನೋವು ಮಲಗಿದರೆ ಏರುತ್ತದೆ, ಮೈ ಆಡಿಸಿದರೆ ಇಳಿಯುತ್ತದೆ, ಅದರಿಂದಲೇ ಮನೆಯವರು ನಂಬುವುದಿಲ್ಲ ಎಂದಳು. ಇಪ್ಪತ್ತೆಂಟು ವರ್ಷದ ಹಿಂದೆ ದಂಡೆಯಲ್ಲಿ ಊರಿನವರೆಲ್ಲ ನಸುಕಿನಲ್ಲೇ ಬಲೆಯ ಹಗ್ಗಕ್ಕೆ ಕೈ ಹಾಕಿದ್ದಾಗ ನೀನು ಚಾಪೆಯಲ್ಲಿ ಬಿದ್ದಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಆಗ ನಾನು, "ಅಪ್ಪಾ, ಅಣ್ಣಂಗೆ ಬೆನ್ನು ನೋವೂ ಇಲ್ಲ ಎಂತದೂ ಇಲ್ಲ, ನಿನ್ನೆ ಸಂಜೆ ಕಬಡ್ಡಿ ಆಡ್ತಿದ್ದ" ಎಂದೆ. ಅಪ್ಪ ಅಂದ, "ಹೊತ್ತು ಮೂಡಿದ್ಮೇಲೆ ಏಳೋನಿಗೆ ನನ್ನ ಮನೇಲಿ ಗಂಜಿ ಇಲ್ಲ." ನೀನು ಗೋಡೆ ಹಿಡಿದು ಎದ್ದು, ನನ್ನನ್ನು ಒಂದು ಸಲ ನೋಡಿ, ಚೀಲ ತೆಗೆದುಕೊಂಡು ಹೋದೆ. ನಿನ್ನ ಕಣ್ಣು ಕೆಂಪಾದಾಗಲೆಲ್ಲ ಕುಡಿದು ಬಂದಿದ್ದೀ ಎಂದವಳೂ ನಾನೇ.

ಅಪ್ಪ ಹೋದಾಗ ಅವನನ್ನು ನೆಟ್ಟಗೆ ಮಲಗಿಸಲು ಆಗಲಿಲ್ಲ, ತಲೆಯ ಕೆಳಗೆ ಎರಡು ಕಂಬಳಿ ಮಡಚಿ ಇಟ್ಟೆವು. ಬಲೆ ಎಳೆದ ಬೆನ್ನು ಎಂದು ಎಲ್ಲರೂ ಕೈ ಮುಗಿದರು. ಪಾಪ, ಅವನಿಗೂ ನೋಯುತ್ತಿತ್ತು, ಅವನಿಗೂ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಏಳುತ್ತಿದ್ದ, ನೀನೂ ಹಾಗೆ ಏಳಬೇಕು ಎಂದುಕೊಂಡಿದ್ದ. ಅವನನ್ನು ಕ್ಷಮಿಸು. ನನ್ನನ್ನು ಕ್ಷಮಿಸು ಎಂದು ಕೇಳಲು ಮಣಿಪಾಲದಿಂದ ಬರುವಾಗ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಮಲ್ಪೆ ಬಸ್ಸಿನ ಮೆಟ್ಟಿಲ ತನಕ ಹೋಗಿದ್ದೆ ಅಣ್ಣಾ. ಹತ್ತಲು ಕಾಲು ಬರಲಿಲ್ಲ.

ಸುಮಿತ ಈಗ ಗುಳಿಗೆ ತೆಗೆದುಕೊಳ್ಳುತ್ತಾನೆ, ದಿನಾ ಮೈ ಬಗ್ಗಿಸುವ ವ್ಯಾಯಾಮ ಮಾಡುತ್ತಾನೆ. ಈಜಿದರೆ ಒಳ್ಳೆಯದಂತೆ, ಕೇಣಿಯ ಹುಡುಗನಿಗೆ ಅದನ್ನು ಡಾಕ್ಟರು ಬರೆದುಕೊಡಬೇಕಾಯಿತು ನೋಡು. ಬೇಗ ಹಿಡಿದರೆ ಬೆನ್ನು ಬಾಗದಂತೆ ತಡೆಯಬಹುದಂತೆ. ಬೊಮ್ಮಯ್ಯ ದೇವರಿಗೆ ಕಾಯಿ ಒಪ್ಪಿಸಿದ್ದೇನೆ, ಗುಳಿಗೆಯನ್ನೂ ತಪ್ಪಿಸುವುದಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಹೀರಾ

ತಾ.ಕ.: ಗಾಡಿ ಹೊರಡುವ ಮೊದಲು ಮುಖ್ಯವಾದದ್ದು ಬರೆದುಬಿಡುತ್ತೇನೆ. ರೂಪೇಶ ಬೆನ್ನು ನೋವೆಂದು ಬೆಳಿಗ್ಗೆ ಬೋಟಿಗೆ ಹೋಗುತ್ತಿಲ್ಲ, ಅದಕ್ಕೆ ನೀನು ಅವನ ಹತ್ತಿರ ಮಾತು ಬಿಟ್ಟಿದ್ದೀ ಎಂದು ಶಿವಾನಂದ ಹೇಳಿದ. ನನ್ನ ಆಣೆ, ಅವನನ್ನು ಒಂದೇ ಒಂದು ಮಾತು ಕೇಳು: ಎದ್ದು ನಡೆದಾಡಿದರೆ ನೋವು ಕಡಿಮೆಯಾಗುತ್ತದೆಯೇ? ಹೌದು ಎಂದರೆ ಬೈಯಬೇಡ, ಅವನನ್ನು ನಂಬು. ಚವತಿ ಆದ ಮುಂದಿನ ಬುಧವಾರ, ಸೆಪ್ಟೆಂಬರ್ ಮೂರಕ್ಕೆ, ಸುಮಿತನನ್ನು ಮತ್ತೆ ಮಣಿಪಾಲಕ್ಕೆ ಕರೆದಿದ್ದಾರೆ. ರೂಪೇಶನನ್ನು ಕರೆದುಕೊಂಡು ನೀನೂ ಬಾ, ನಿನ್ನ ಕಣ್ಣನ್ನೂ ತೋರಿಸು. ಶಿವಾನಂದನ ಗಾಡಿ ಶುಕ್ರವಾರ ಬೈತಖೋಲಕ್ಕೆ ತಿರುಗಿ ಬರುತ್ತದೆ, ಉತ್ತರ ಇಸಿದುಕೊಂಡು ಬಾ ಎಂದು ಸುಮಿತನಿಗೆ ಹೇಳಿದ್ದೇನೆ. ಬರೆಯಲು ಮನಸ್ಸಾಗದಿದ್ದರೆ ಗಾಡಿಯಲ್ಲಿ ರೂಪೇಶನನ್ನೇ ಕೂರಿಸಿ ಕಳಿಸು.